ಹಳೆಯ ಮಾರುತಿ 800ರ ಎ.ಸಿ. ಪಂಪನ್ನು ಮನೆಯಲ್ಲೇ ಬದಲಿಸುವ ಬಗೆ

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತುಹೋದರೂ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಅದರ ಹಳೆಯ ಮಾದರಿಗಳನ್ನು ಜತನದಿಂದ ಕಾಪಾಡಿಕೊಂಡವರು ನಮ್ಮ ಊರುಗಳಲ್ಲಿ ಇಂದಿಗೂ ಸಿಗುತ್ತಾರೆ. 796 ಸಿ.ಸಿ.ಯ, ಮೂರು ಸಿಲಿಂಡರಿನ ಆ ಎಂಜಿನ್ನಿನಲ್ಲಿ ಮನೆಯಂಗಳದಲ್ಲಿ ನಿಂತು, ಸಾಧಾರಣ ಸ್ಪ್ಯಾನರುಗಳಿಂದ ಮಾಡಬಹುದಾದ ಕೆಲಸಗಳು ಹಲವು. ಪೆಟ್ರೋಲ್ ಎಳೆದುಕೊಡುವ ಎ.ಸಿ. ಪಂಪನ್ನು ಬದಲಿಸುವುದು ಅವುಗಳಲ್ಲಿ ಒಂದು. ಕೈ ಪಳಗಿದವರಿಗೆ ಅದು ಒಂದು ಗಂಟೆಯ ಕೆಲಸ, ಮೊದಲ ಸಲ ಮಾಡುವವರಿಗೆ ಅರ್ಧ ದಿನದ್ದು. ಆದರೆ ಹೊಸ ಪಂಪ್ ಹಾಕಿದ ಮೇಲೂ ಕಾರು ಹೊರಡದೆ ನಿಂತ ಸಂದರ್ಭಗಳನ್ನು ನೋಡಿದಾಗ, ಒಂದೋ ಕೆಟ್ಟದ್ದು ಪಂಪೇ ಆಗಿರುವುದಿಲ್ಲ, ಇಲ್ಲವೇ ಪಂಪಿನ ಹಿಂದೆ ಕೂರಬೇಕಾದ ಕಾಗದದ ಪ್ಯಾಕಿಂಗ್ ಮತ್ತು ಬಿಸಿ ತಡೆಯುವ ಬಿಲ್ಲೆ, ಅಂದರೆ ಇನ್ಸುಲೇಟರ್, ಸರಿಯಾಗಿ ಕೂತಿರುವುದಿಲ್ಲ. ಆದ್ದರಿಂದ ನಟ್ಟು ಬಿಚ್ಚಿ ಹಾಕುವ ವಿವರಕ್ಕಿಂತ ಹೆಚ್ಚಿನ ಜಾಗವನ್ನು ಈ ಎರಡು ವಿಷಯಗಳಿಗೇ ಕೊಟ್ಟಿದ್ದೇನೆ.

ಮೊದಲಿಗೆ ನಿಮ್ಮ ಕಾರು ಯಾವ ಬಗೆಯದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 2000ದ ಸುಮಾರಿನಿಂದ ಬಂದ, ಪೆಟ್ರೋಲನ್ನು ಇಂಜೆಕ್ಟರುಗಳಿಂದ ಚಿಮ್ಮಿಸುವ ಎಂಪಿಎಫ್‌ಐ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಅವುಗಳ ಪಂಪ್ ವಿದ್ಯುತ್ತಿನಿಂದ ಓಡುವಂಥದ್ದು, ಪೆಟ್ರೋಲ್ ಟ್ಯಾಂಕಿನ ಒಳಗೇ ಮುಳುಗಿರುತ್ತದೆ ಮತ್ತು ಅದರ ಪೈಪಿನಲ್ಲಿ ಎಂಜಿನ್ ನಿಂತ ಮೇಲೂ ಹೆಚ್ಚಿನ ಒತ್ತಡ ಉಳಿದಿರುತ್ತದೆ. ಆ ಕೆಲಸದ ಕ್ರಮವೂ ಅಪಾಯವೂ ಬೇರೆ. ಇಲ್ಲಿ ಹೇಳುತ್ತಿರುವುದು ಕಾರ್ಬ್ಯುರೇಟರ್ ಕಾಲದ ಯಾಂತ್ರಿಕ ಪಂಪಿನ ವಿಷಯ ಮಾತ್ರ. ಇದೇ ಎಂಜಿನ್ ಇದ್ದ ಹಳೆಯ ಓಮ್ನಿಗೂ ಇದು ಬಹುಪಾಲು ಹೊಂದುತ್ತದೆ.

ಗ್ಯಾರೇಜುಗಳಲ್ಲೂ ಬಿಡಿಭಾಗಗಳ ಅಂಗಡಿಗಳಲ್ಲೂ ಈ ಪಂಪಿಗೆ ಎ.ಸಿ. ಪಂಪ್ ಎಂದೇ ಹೆಸರು. ಕಾರಿನ ಎ.ಸಿ.ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಂಥ ಪಂಪುಗಳನ್ನು ತಯಾರಿಸುತ್ತಿದ್ದ ಅಮೆರಿಕದ ಎ.ಸಿ. ಎಂಬ ಕಂಪನಿಯ ಹೆಸರು, ಅಂದರೆ ಅದನ್ನು ಕಟ್ಟಿದ ಆಲ್ಬರ್ಟ್ ಚಾಂಪಿಯನ್ನನ ಹೆಸರಿನ ಮೊದಲ ಅಕ್ಷರಗಳು, ಅಂಬಾಸಿಡರ್ ಮತ್ತು ಜೀಪಿನ ಕಾಲದಿಂದ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಉಳಿದುಬಂದಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ‘ಫ್ಯುಯೆಲ್ ಪಂಪ್’ ಎಂದು ಕೇಳಿದರೆ ಅಂಗಡಿಯವರು ಎಲೆಕ್ಟ್ರಿಕ್ ಪಂಪನ್ನು ತಂದು ಮುಂದಿಡುವ ಸಂಭವವಿದೆ; ಎ.ಸಿ. ಪಂಪ್ ಎಂದರೆ ಗೊಂದಲವಿಲ್ಲ.

ಪಂಪ್ ಕೆಲಸ ಮಾಡುವ ರೀತಿ

ಕಾರಿನ ಟ್ಯಾಂಕ್ ಹಿಂಭಾಗದಲ್ಲಿ ತಗ್ಗಿನಲ್ಲಿದೆ, ಕಾರ್ಬ್ಯುರೇಟರ್ ಮುಂಭಾಗದಲ್ಲಿ ಎತ್ತರದಲ್ಲಿದೆ. ಪೆಟ್ರೋಲ್ ತಾನಾಗಿ ಮೇಲೇರುವುದಿಲ್ಲವಾದ್ದರಿಂದ ಅದನ್ನು ಎಳೆದು ದೂಡುವ ಕೆಲಸ ಪಂಪಿನದು. ಸಿಲಿಂಡರ್ ಹೆಡ್ಡಿನ ಬದಿಗೆ ಬಿಗಿದಿರುವ ಈ ಪಂಪಿನೊಳಗೆ ರಬ್ಬರು ಲೇಪಿಸಿದ ಬಟ್ಟೆಯ ಒಂದು ಪದರವಿದೆ, ಅದೇ ಡಯಾಫ್ರಾಮ್. ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ಮೇಲಿನ ಒಂದು ಉಬ್ಬು ಚಿಕ್ಕ ಉಕ್ಕಿನ ಸರಳನ್ನು ತಳ್ಳುತ್ತದೆ, ಸರಳು ಪಂಪಿನ ತೋಳನ್ನು ಒತ್ತುತ್ತದೆ, ತೋಳು ಡಯಾಫ್ರಾಮನ್ನು ಸ್ಪ್ರಿಂಗಿಗೆ ವಿರುದ್ಧವಾಗಿ ಎಳೆಯುತ್ತದೆ. ಆಗ ಉಂಟಾಗುವ ಖಾಲಿ ಜಾಗಕ್ಕೆ ಒಂದು ವಾಲ್ವಿನ ಮೂಲಕ ಟ್ಯಾಂಕಿನ ಪೆಟ್ರೋಲ್ ನುಗ್ಗುತ್ತದೆ. ಉಬ್ಬು ಸರಿದ ಕೂಡಲೇ ಸ್ಪ್ರಿಂಗ್ ಡಯಾಫ್ರಾಮನ್ನು ಹಿಂದಕ್ಕೆ ದೂಡಿ, ಇನ್ನೊಂದು ವಾಲ್ವಿನ ಮೂಲಕ ಪೆಟ್ರೋಲನ್ನು ಕಾರ್ಬ್ಯುರೇಟರಿನತ್ತ ಕಳಿಸುತ್ತದೆ. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ಮುಗಿಸುವುದರಿಂದ, ಎಂಜಿನ್ನಿನ ಎರಡು ಸುತ್ತಿಗೆ ಪಂಪಿನ ಒಂದು ಬಡಿತ ಎಂದು ಲೆಕ್ಕ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಪೆಟ್ರೋಲನ್ನು ದೂಡುವುದು ಕ್ಯಾಮ್ ಅಲ್ಲ, ಸ್ಪ್ರಿಂಗ್. ಕಾರ್ಬ್ಯುರೇಟರಿನ ತೊಟ್ಟಿ ತುಂಬಿ ಅದರ ಸೂಜಿ ಮುಚ್ಚಿಕೊಂಡಾಗ ಸ್ಪ್ರಿಂಗಿಗೆ ದೂಡಲು ದಾರಿಯಿಲ್ಲದೆ ಡಯಾಫ್ರಾಮ್ ಎಳೆದ ಸ್ಥಿತಿಯಲ್ಲೇ ಕಾದಿರುತ್ತದೆ, ತೋಳು ಸುಮ್ಮನೆ ಆಡುತ್ತಿರುತ್ತದೆ. ಹೀಗಾಗಿ ಪಂಪು ಎಂದಿಗೂ ಕಾರ್ಬ್ಯುರೇಟರಿಗೆ ತಡೆಯಲಾರದಷ್ಟು ಒತ್ತಡವನ್ನು ಕೊಡುವುದಿಲ್ಲ. ಹೆಚ್ಚಾದ ಪೆಟ್ರೋಲ್ ಮೂರನೆಯ ಪೈಪಿನ ಮೂಲಕ ಟ್ಯಾಂಕಿಗೆ ಹಿಂದಿರುಗುವ ವ್ಯವಸ್ಥೆಯೂ ಇದೆ. ಪೆಟ್ರೋಲ್ ನಿಂತಲ್ಲೇ ನಿಂತು ಕಾಯದೆ ಹರಿಯುತ್ತಲೇ ಇರುವುದರಿಂದ ಪಂಪು ತಂಪಾಗಿರುತ್ತದೆ. ಪಂಪಿಗೆ ಎರಡರ ಬದಲು ಮೂರು ನಿಪ್ಪಲ್, ಅಂದರೆ ಪೈಪು ಸಿಕ್ಕಿಸುವ ನಳಿಕೆ, ಇರುವುದು ಈ ಕಾರಣಕ್ಕೆ.

ಕೆಟ್ಟದ್ದು ಪಂಪೇ ಹೌದೇ?

ನಾನು ಮೊದಲ ಸಲ ಈ ಪಂಪನ್ನು ಬದಲಿಸಿದಾಗ ಹಳೆಯ ಪಂಪು ಚೆನ್ನಾಗಿಯೇ ಇತ್ತು. ಹತ್ತು ಕಿಲೋಮೀಟರ್ ಓಡಿದ ಮೇಲೆ ಕಾರು ಉಸಿರುಗಟ್ಟಿದಂತೆ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಹೊರಡುತ್ತಿತ್ತು. ಹೊಸ ಪಂಪಿಗೆ ಹಣ ಸುರಿದ ಮೇಲೂ ಅದೇ ಕಥೆ. ಕೊನೆಗೆ ಸಿಕ್ಕ ಕಾರಣ ಟ್ಯಾಂಕಿನ ಮುಚ್ಚಳ: ಗಾಳಿಯಾಡುವ ದಾರಿ ಧೂಳಿನಿಂದ ಮುಚ್ಚಿಹೋಗಿದ್ದರಿಂದ, ಪೆಟ್ರೋಲ್ ಖರ್ಚಾದಂತೆಲ್ಲ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ಮುಚ್ಚಳವನ್ನು ಸಡಿಲಿಸಿದರೆ ‘ಸುಂಯ್’ ಎಂದು ಗಾಳಿ ಒಳನುಗ್ಗುವ ಸದ್ದು ಕೇಳಿ ಕಾರು ಹೊರಟರೆ, ದೋಷ ಅಲ್ಲಿದೆ ಎಂದು ತಿಳಿಯಬೇಕು. ಈ ಪರೀಕ್ಷೆಗೆ ಬಿಡಿಗಾಸೂ ಖರ್ಚಿಲ್ಲವಾದ್ದರಿಂದ ಮೊದಲು ಇದನ್ನೇ ಮಾಡಿ.

ಎರಡನೆಯದು ಫಿಲ್ಟರ್. ಪಂಪಿಗೆ ಬರುವ ಪೈಪಿನಲ್ಲಿರುವ ಪೆಟ್ರೋಲ್ ಫಿಲ್ಟರ್ ಹಳೆಯ ಟ್ಯಾಂಕಿನ ತುಕ್ಕಿನಿಂದ ಕಟ್ಟಿಕೊಂಡಿರುವುದು ಸಾಮಾನ್ಯ. ಮೂರನೆಯದು ರಬ್ಬರ್ ಪೈಪು. ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ ಒಳಗಿರುವುದು ಎಳೆತವೇ ಹೊರತು ಒತ್ತಡವಲ್ಲ. ಆದ್ದರಿಂದ ಅಲ್ಲಿ ಪೈಪು ಬಿರುಕು ಬಿಟ್ಟಿದ್ದರೂ ಪೆಟ್ರೋಲ್ ಹೊರಗೆ ಸುರಿಯದೆ ಗಾಳಿ ಒಳಗೆ ಹೋಗುತ್ತದೆ. ಒಂದು ತೊಟ್ಟೂ ಸೋರದಿರುವುದನ್ನು ಕಂಡು ಪೈಪು ಸರಿಯಾಗಿದೆ ಎಂದುಕೊಳ್ಳುವುದು ಬಹಳ ಮಂದಿ ಮಾಡುವ ತಪ್ಪು. ಪೈಪನ್ನು ಬೆರಳಲ್ಲಿ ಮಡಿಚಿ ನೋಡಿದಾಗ ಸಣ್ಣ ಬಿರುಕುಗಳು ಬಾಯಿ ತೆರೆದರೆ ಅದನ್ನು ಬದಲಿಸಬೇಕು.

ಬೇಸಿಗೆಯಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ, ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳುತ್ತ ಹೋದ ಕಾರು ನಿಂತುಬಿಟ್ಟು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಡುವುದಾದರೆ, ಅದು ಪಂಪಿನ ಸಾವಲ್ಲ. ಪಂಪೂ ಪೈಪೂ ಕಾದು ಪೆಟ್ರೋಲ್ ಒಳಗೇ ಆವಿಯಾಗಿರುತ್ತದೆ, ಆವಿಯನ್ನು ಡಯಾಫ್ರಾಮ್ ಹಿಗ್ಗಿಸಿ ಕುಗ್ಗಿಸಬಲ್ಲದೇ ಹೊರತು ಮುಂದಕ್ಕೆ ದೂಡಲಾರದು. ಹಿಂದಿನ ಡ್ರೈವರುಗಳು ಘಾಟಿಯಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ, ಮತ್ತು ಅದು ಇಂದಿಗೂ ಸರಿಯಾದ ಪರೀಕ್ಷೆ: ಒದ್ದೆ ಬಟ್ಟೆಯಿಂದ ಕಾರು ಹೊರಟರೆ ಪಂಪನ್ನು ದೂರುವ ಮೊದಲು ಮುಂದೆ ಹೇಳಲಿರುವ ಇನ್ಸುಲೇಟರ್ ಮತ್ತು ಹಿಂತಿರುಗುವ ಪೈಪನ್ನು ನೋಡಬೇಕು.

ಇಷ್ಟೂ ಸರಿಯಿದ್ದರೆ ಪಂಪನ್ನೇ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿರಬೇಕು. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಅಲ್ಲಿಂದ ಬಿಡಿಸಿ, ಅದಕ್ಕೆ ಇನ್ನೊಂದು ಉದ್ದನೆಯ ಪೈಪನ್ನು ಜೋಡಿಸಿ, ತುದಿಯನ್ನು ಕಾರಿನಿಂದ ದೂರ ನೆಲದ ಮೇಲಿಟ್ಟ ಅಗಲ ಬಾಯಿಯ ಗಾಜಿನ ಜಾಡಿಯೊಳಗೆ ಇಳಿಬಿಡಿ. ಎಂಜಿನ್ನಿನ ಪಕ್ಕದಲ್ಲೇ ಜಾಡಿ ಹಿಡಿದು ನಿಲ್ಲಬಾರದು. ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ತನ್ನು ಕೊಡುವ ಇಗ್ನಿಷನ್ ಕಾಯಿಲಿನ ಸಣ್ಣ ತಂತಿಗಳ ಪೈಕಿ ಧನ ತುದಿಯದನ್ನು ಬಿಡಿಸಿ, ತುದಿಗೆ ಟೇಪು ಸುತ್ತಿ. ಆಗ ಪ್ಲಗ್ಗುಗಳಲ್ಲಿ ಕಿಡಿ ಹುಟ್ಟುವುದಿಲ್ಲ. ಕಾಯಿಲಿನ ನಡುವಿನ ದಪ್ಪ ತಂತಿಯನ್ನು ಕಿತ್ತು ನೇತಾಡಲು ಬಿಡುವ ರೂಢಿ ಕೆಲವರಿಗಿದೆ, ಪೆಟ್ರೋಲ್ ತೆರೆದಿಟ್ಟ ಕಡೆ ಅದರಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ, ಏಕೆಂದರೆ ಕಿಡಿ ಆಗ ಹೊರಗೇ ಹಾರುತ್ತದೆ. ಈಗ ಮನೆಯವರೊಬ್ಬರು ಒಳಗೆ ಕೂತು ಹತ್ತು ಸೆಕೆಂಡು ಸೆಲ್ಫ್ ಹೊಡೆಯಲಿ. ಪಂಪು ಆರೋಗ್ಯವಾಗಿದ್ದರೆ ಪೆಟ್ರೋಲ್ ಒಂದೇ ಲಯದಲ್ಲಿ ಚಿಮ್ಮಿ ಚಿಮ್ಮಿ ಬೀಳುತ್ತದೆ. ತೊಟ್ಟಿಕ್ಕಿದರೆ, ಅಥವಾ ಗುಳ್ಳೆಗಳು ಮಾತ್ರ ಬಂದರೆ, ಪಂಪಿಗೆ ಬರುವ ಪೈಪನ್ನು ಬಿಡಿಸಿ ಲೋಹದ ಡಬ್ಬಿಯಲ್ಲಿಟ್ಟ ಶುದ್ಧ ಪೆಟ್ರೋಲಿಗೆ ಅದ್ದಿ ಇನ್ನೊಮ್ಮೆ ನೋಡಿ. ಆಗ ಚಿಮ್ಮಿದರೆ ದೋಷ ಟ್ಯಾಂಕಿನ ಕಡೆಯದು. ಆಗಲೂ ಬಾರದಿದ್ದರೆ ದೋಷ ಪಂಪಿನದು ಅಥವಾ ಅದನ್ನು ತಳ್ಳುವ ಸರಳಿನದು.

ಪರೀಕ್ಷೆಯೇ ಬೇಡದ ಎರಡು ಲಕ್ಷಣಗಳಿವೆ. ಪಂಪಿನ ಮೈಯಲ್ಲಿರುವ ಚಿಕ್ಕ ತೂತಿನಿಂದ ಪೆಟ್ರೋಲ್ ಜಿನುಗುತ್ತಿದ್ದರೆ ಡಯಾಫ್ರಾಮ್ ಹರಿದಿದೆ ಎಂದೇ ಅರ್ಥ. ಆ ತೂತು ಇರುವುದೇ ಅದನ್ನು ತಿಳಿಸಲು, ಅದನ್ನು ಎಂಸೀಲ್ ಹಾಕಿ ಮುಚ್ಚಬಾರದು. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು: ಹರಿದ ಡಯಾಫ್ರಾಮಿನ ಮೂಲಕ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರಬಹುದು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೆರೆಯನ್ನು ದಾಟಿ ಏರಿದ್ದರೆ, ನೀರಿನಂತೆ ತೆಳ್ಳಗಿದ್ದು ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ, ಆ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ, ಮತ್ತು ಎಂಜಿನ್ನಿನ ಹೊಟ್ಟೆಯಲ್ಲಿ ತುಂಬಿದ ಪೆಟ್ರೋಲ್ ಆವಿ ಹೊತ್ತಿಕೊಳ್ಳಬಲ್ಲದು.

ಹಳೆಯ ರಬ್ಬರು ಈಚೆಗೆ ಹೆಚ್ಚು ಬೇಗ ಸೋಲುವುದಕ್ಕೆ ಒಂದು ಕಾರಣ ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಂಬತ್ತು ತೊಂಬತ್ತರ ದಶಕದ ರಬ್ಬರ್ ಭಾಗಗಳನ್ನು ರೂಪಿಸಿದವರ ಎಣಿಕೆಯಲ್ಲಿ ಅಂಥ ಪೆಟ್ರೋಲ್ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಜೊತೆಗೆ ಗಾಳಿಯ ತೇವವನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಆದ್ದರಿಂದ ಪಂಪಿನ ಜೊತೆಗೆ ಪೈಪುಗಳನ್ನೂ ಫಿಲ್ಟರನ್ನೂ ಒಟ್ಟಿಗೇ ಬದಲಿಸುವುದು ದುಂದಲ್ಲ.

ತರಬೇಕಾದ ಸಾಮಾನು

ಹಳೆಯ ಪಂಪನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಹೊಸದರ ತೋಳು ಅಷ್ಟೇ ಉದ್ದವಿದೆಯೇ, ಅದೇ ಬಾಗು ಇದೆಯೇ, ಮೂರು ನಿಪ್ಪಲ್ಲುಗಳು ಅದೇ ದಿಕ್ಕಿಗೆ ಮುಖ ಮಾಡಿವೆಯೇ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಹೊಸ ಪಂಪಿನ ತೋಳನ್ನು ಹೆಬ್ಬೆರಳಿನಿಂದ ಒತ್ತುತ್ತ, ಪೆಟ್ರೋಲ್ ಒಳಬರುವ ನಿಪ್ಪಲ್ಲಿಗೆ ಇನ್ನೊಂದು ಬೆರಳಿಟ್ಟರೆ ಬೆರಳನ್ನು ಹಿಡಿದೆಳೆದ ಅನುಭವ ಆಗಬೇಕು. ಆಗದಿದ್ದರೆ ಅಲ್ಲೇ ಹಿಂದಿರುಗಿಸಿ. ಪಂಪಿನ ಸುತ್ತ ಸ್ಕ್ರೂಗಳಿದ್ದರೆ ಡಯಾಫ್ರಾಮ್ ಕಿಟ್ ಹಾಕಿ ರಿಪೇರಿ ಮಾಡಬಹುದು. ಅಂಚಿನ ತಗಡನ್ನು ಮಡಿಚಿ ಮುಚ್ಚಿದ್ದರೆ ಇಡೀ ಪಂಪನ್ನೇ ಬದಲಿಸಬೇಕು.

ಪಂಪಿನ ಪ್ಯಾಕಿಂಗ್ ಎರಡು, ಹೊಸ ಫಿಲ್ಟರ್ ಒಂದು, ಪೈಪಿಗೆ ಬಿಗಿಯುವ ಕ್ಲಿಪ್ಪುಗಳು, ಮತ್ತು ಪೆಟ್ರೋಲಿಗೆಂದೇ ತಯಾರಾದ ರಬ್ಬರ್ ಪೈಪು ಬೇಕು. ಪೈಪಿನ ಮೈಮೇಲೆ 30ಆರ್7 ಎಂಬ ಗುರುತಿದ್ದರೆ ಅದು ಕಾರ್ಬ್ಯುರೇಟರ್ ವಾಹನಗಳಿಗೆ ಒಪ್ಪುತ್ತದೆ. 30ಆರ್9 ಎಂಬುದು ಇಂಜೆಕ್ಷನ್ ವಾಹನಗಳಿಗೆಂದು ಮಾಡಿದ್ದು, ಬೆಲೆ ಹೆಚ್ಚು, ಆದರೆ ಎಥನಾಲನ್ನು ಹೆಚ್ಚು ತಾಳಿಕೊಳ್ಳುತ್ತದೆ. ನನ್ನ ಮಟ್ಟಿಗೆ ಒಂದೆರಡು ಅಡಿ ಪೈಪಿನಲ್ಲಿ ಉಳಿತಾಯ ನೋಡುವುದು ತರವಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪು ನೋಡಲು ಚೆಂದ, ಪೆಟ್ರೋಲ್ ಹರಿಯುವುದು ಕಾಣುತ್ತದೆ; ಎಂಜಿನ್ನಿನ ಬಿಸಿಗೆ ಕೆಲವೇ ತಿಂಗಳಲ್ಲಿ ಕಡ್ಡಿಯಂತೆ ಗಟ್ಟಿಯಾಗಿ ನಿಪ್ಪಲ್ಲಿನಿಂದ ಜಾರುತ್ತದೆ. ಅಡುಗೆ ಗ್ಯಾಸಿನ ಪೈಪೂ ಇದಕ್ಕೆ ತಕ್ಕುದಲ್ಲ.

ಯಾಂತ್ರಿಕ ಪಂಪಿನ ಗೊಡವೆಯೇ ಬೇಡವೆಂದು ಹೊರಗಡೆ ಒಂದು ಎಲೆಕ್ಟ್ರಿಕ್ ಪಂಪ್ ಕೂರಿಸಿಕೊಡುವ ಗ್ಯಾರೇಜುಗಳಿವೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಂಥ ಪಂಪಿನ ಒತ್ತಡ ಹೆಚ್ಚಾದರೆ ಕಾರ್ಬ್ಯುರೇಟರಿನ ಸೂಜಿ ಅದನ್ನು ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾಂತ್ರಿಕ ಪಂಪು ಎಂಜಿನ್ ನಿಂತ ಕ್ಷಣ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪು ಅಪಘಾತದಲ್ಲಿ ಎಂಜಿನ್ ನಿಂತು ಪೈಪು ಹರಿದಿದ್ದರೂ, ಇಗ್ನಿಷನ್ ಆನ್ ಇರುವವರೆಗೆ ಪೆಟ್ರೋಲನ್ನು ಹೊರಗೆ ಸುರಿಯುತ್ತಲೇ ಇರಬಲ್ಲದು.

ಬೆಂಕಿಯ ವಿಷಯ

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರಿಹೋಗದೆ ನೆಲದ ಮೇಲೆ ಹರಡಿ, ತಗ್ಗು ಸಿಕ್ಕ ಕಡೆ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ ಒಂದೂವರೆಯಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಈ ಕೆಲಸವನ್ನು ಮಾಡಲೇಬಾರದು. ಮನೆಗೆ ಹೊಂದಿದ ಶೆಡ್ಡಾದರೆ ಕಾರನ್ನು ಬಯಲಿಗೆ ತಳ್ಳಿಕೊಂಡು ಬನ್ನಿ. ನೀರಿನ ಮೋಟಾರಿನ ಸ್ವಿಚ್ಚು, ಯುಪಿಎಸ್ ಬ್ಯಾಟರಿ, ತುಳಸಿಕಟ್ಟೆಯ ದೀಪ, ಸ್ನಾನದ ಮನೆಯ ಒಲೆ, ಇವೆಲ್ಲ ಎಷ್ಟು ದೂರದಲ್ಲಿವೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಒಣ ಪುಡಿಯ ಅಗ್ನಿಶಾಮಕ ಒಂದು ಕೈಗೆಟುಕುವಂತಿರಲಿ; ಅದರ ಜೊತೆಗೆ ಒಂದು ಬಕೆಟ್ ಒಣ ಮರಳು. ನೀರು ಪೆಟ್ರೋಲಿನ ಬೆಂಕಿಯನ್ನು ಆರಿಸದೆ ತೇಲಿಸಿಕೊಂಡು ಹೋಗಿ ಹರಡುತ್ತದೆ. ಪಾಲಿಯೆಸ್ಟರ್ ಅಂಗಿಗಿಂತ ಹತ್ತಿಯ ಬಟ್ಟೆ ಮೇಲು. ಬೆಳಕಿಗೆ ಉರಿಯುವ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬಳಸಬೇಡಿ, ಬಿದ್ದು ಒಡೆದರೆ ಅದೇ ಕಿಡಿ. ಹಗಲು ಹೊತ್ತಿನಲ್ಲಿ ಮಾಡಿದರೆ ಅದರ ಅಗತ್ಯವೇ ಬೀಳದು.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಲಿ, ರಾತ್ರಿಯಿಡೀ ನಿಂತ ಕಾರಾದರೆ ಉತ್ತಮ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಡಿಸಿ ಪಕ್ಕಕ್ಕೆ ಸರಿಸಿ. ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ಒಳಗಿನ ಒತ್ತಡವನ್ನು ಬಿಟ್ಟು ಮತ್ತೆ ಮುಚ್ಚಿ. ಪಂಪು ಎಲ್ಲಿದೆಯೆಂದು ತಿಳಿಯದಿದ್ದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಪೈಪನ್ನು ಹಿಡಿದು ಹಿಂದಕ್ಕೆ ಹೋಗಿ. ಅದು ಸಿಲಿಂಡರ್ ಹೆಡ್ಡಿಗೆ ಎರಡು ಕಡೆ ಬಿಗಿದ, ಗುಂಡನೆಯ ಚಿಕ್ಕ ಡಬ್ಬಿಯಂಥ ವಸ್ತುವಿಗೆ ಕರೆದೊಯ್ಯುತ್ತದೆ. ಸುತ್ತಲಿನ ಎಣ್ಣೆ ಜಿಡ್ಡನ್ನೂ ಧೂಳನ್ನೂ ಬ್ರಷ್ಷಿನಿಂದ ಉಜ್ಜಿ ಒರೆಸಿದ ಮೇಲೆಯೇ ಮುಂದುವರಿಯಬೇಕು, ಏಕೆಂದರೆ ಪಂಪು ಹೊರಬಂದಾಗ ಹೆಡ್ಡಿನಲ್ಲಿ ತೂತು ತೆರೆದುಕೊಳ್ಳುತ್ತದೆ, ಅದರೊಳಗೆ ಬಿದ್ದದ್ದು ನೇರವಾಗಿ ಎಂಜಿನ್ನಿನೊಳಗೆ ಹೋದಂತೆ.

ಮೂರು ಪೈಪುಗಳಿಗೂ ಬಣ್ಣದ ಟೇಪು ಸುತ್ತಿ ಗುರುತು ಮಾಡಿ, ಫೋನಿನಲ್ಲಿ ಎರಡು ಕೋನಗಳಿಂದ ಚಿತ್ರ ತೆಗೆದಿಟ್ಟುಕೊಂಡು, ಆನಂತರ ಫೋನನ್ನು ಮನೆಯೊಳಗಿಡಿ. ಟ್ಯಾಂಕಿನಿಂದ ಬರುವುದು, ಕಾರ್ಬ್ಯುರೇಟರಿಗೆ ಹೋಗುವುದು, ಟ್ಯಾಂಕಿಗೆ ಹಿಂದಿರುಗುವುದು, ಇವುಗಳಲ್ಲಿ ಕೊನೆಯ ಎರಡು ಅದಲು ಬದಲಾದರೆ ಎಂಜಿನ್ ಹಸಿದುಕೊಂಡೇ ಇರುತ್ತದೆ, ಪೆಟ್ರೋಲ್ ಮಾತ್ರ ಟ್ಯಾಂಕಿಗೆ ಸುಖವಾಗಿ ಮರಳುತ್ತಿರುತ್ತದೆ. ಹಳೆಯ ಪೈಪು ನಿಪ್ಪಲ್ಲಿಗೆ ಅಂಟಿಕೊಂಡಿದ್ದರೆ ಜಗ್ಗಬೇಡಿ. ಹೇಗೂ ಹೊಸದು ಹಾಕುವುದರಿಂದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿದುಬಿಡಿ; ಕಾರ್ಬ್ಯುರೇಟರಿನ ಹಿತ್ತಾಳೆಯ ನಿಪ್ಪಲ್ ಜಗ್ಗಾಟದಲ್ಲಿ ಸಡಿಲವಾದರೆ ಹೊಸ ತೊಂದರೆಯೇ ಆದೀತು. ಬಿಡಿಸಿದ ಪ್ರತಿ ಪೈಪಿನ ಬಾಯಿಗೂ ತಕ್ಕ ದಪ್ಪದ ಬೋಲ್ಟನ್ನು ತುರುಕಿ ಮುಚ್ಚಿ. ಟ್ಯಾಂಕು ತಗ್ಗಿನಲ್ಲಿರುವುದರಿಂದ ಸಮನೆಲದಲ್ಲಿ ಹೆಚ್ಚು ಸುರಿಯದು, ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ಕಾರಾದರೆ ಸುರಿದೇ ಸುರಿಯುತ್ತದೆ.

ಈಗ ಎರಡು ಬೋಲ್ಟುಗಳನ್ನು ಒಂದನ್ನೇ ಪೂರ್ತಿ ತೆಗೆಯದೆ, ಅದೊಂದು ಸುತ್ತು ಇದೊಂದು ಸುತ್ತು ಎಂಬಂತೆ ಸಡಿಲಿಸಿ. ಪಂಪು ಸ್ಪ್ರಿಂಗಿನ ಒತ್ತಡದಿಂದ ತಾನಾಗಿ ಹೊರಕ್ಕೆ ಬರಬಹುದು. ಕೊನೆಯ ಎಳೆ ಬಿಡುವಾಗ ಇನ್ನೊಂದು ಕೈಯಲ್ಲಿ ಪಂಪನ್ನು ಹಿಡಿದಿರಬೇಕು, ಏಕೆಂದರೆ ಅದರ ಹಿಂದೆ ಇರುವ ಉಕ್ಕಿನ ಸರಳು ಜಾರಿ ಕೆಳಗೆ ಬೀಳುವುದುಂಟು. ಸರಳನ್ನು ಹೊರತೆಗೆದು ಎರಡೂ ತುದಿಗಳನ್ನು ನೋಡಿ. ತುದಿ ಸವೆದು ಅಣಬೆಯಂತೆ ಅಗಲವಾಗಿದ್ದರೆ ಅಥವಾ ಒಂದು ಕಡೆಗೆ ಓರೆಯಾಗಿ ತೇದುಹೋಗಿದ್ದರೆ ಅದನ್ನೂ ಬದಲಿಸಬೇಕು. ಸರಳು ಮೊಟಕಾದಷ್ಟೂ ಪಂಪಿನ ಬಡಿತ ಚಿಕ್ಕದಾಗುತ್ತದೆ, ಹೊಸ ಪಂಪು ಹಾಕಿದರೂ ವೇಗದಲ್ಲಿ ಪೆಟ್ರೋಲ್ ಸಾಲದು. ತೆರೆದ ತೂತಿಗೆ ನೂಲು ಬಿಡದ ಶುಭ್ರ ಬಟ್ಟೆಯನ್ನು, ಅರ್ಧ ಹೊರಗೆ ಕಾಣುವಂತೆ ತುರುಕಿಡಿ.

ಪ್ಯಾಕಿಂಗ್ ಮತ್ತು ಇನ್ಸುಲೇಟರ್

ಪಂಪಿಗೂ ಹೆಡ್ಡಿಗೂ ನಡುವೆ ದಪ್ಪನೆಯ, ಬೇಕಲೈಟಿನಂಥ ಗಟ್ಟಿ ವಸ್ತುವಿನ ಒಂದು ಬಿಲ್ಲೆಯಿದೆ. ಅದರ ಎರಡೂ ಬದಿಗೆ ಒಂದೊಂದು ಕಾಗದದ ಪ್ಯಾಕಿಂಗ್. ಈ ಬಿಲ್ಲೆಗೆ ಎರಡು ಕೆಲಸಗಳಿವೆ. ಹೆಡ್ಡಿನ ಬಿಸಿ ಪಂಪಿಗೆ ಹತ್ತದಂತೆ ತಡೆಯುವುದು ಒಂದು. ಘಾಟಿಯಲ್ಲಿ ಪೆಟ್ರೋಲ್ ಆವಿಯಾಗುವ ಕಥೆಗೆ ಇದರ ನೇರ ಸಂಬಂಧವಿದೆ. ಸರಳು ಪಂಪಿನ ತೋಳನ್ನು ಎಷ್ಟು ಒತ್ತಬೇಕು ಎಂಬುದನ್ನು ನಿಶ್ಚಯಿಸುವುದು ಇನ್ನೊಂದು, ಮತ್ತು ಇದು ಬಹಳ ಜನರಿಗೆ ತಿಳಿದಿರುವುದಿಲ್ಲ. ಬಿಲ್ಲೆಯನ್ನು ಬಿಟ್ಟು ಪಂಪನ್ನು ನೇರವಾಗಿ ಕೂರಿಸಿದರೆ ಸರಳು ತೋಳನ್ನು ಮಿತಿಮೀರಿ ಒತ್ತಿ, ಡಯಾಫ್ರಾಮನ್ನು ಪ್ರತಿ ಬಡಿತದಲ್ಲೂ ಅತಿಯಾಗಿ ಎಳೆಯುತ್ತದೆ. ಕೆಲವೇ ವಾರಗಳಲ್ಲಿ ಹೊಸ ಪಂಪು ಹರಿಯುತ್ತದೆ, ಬೈಗುಳ ಪಂಪು ಮಾಡಿದವರಿಗೆ ಸಿಗುತ್ತದೆ. ಸೋರಿಕೆ ನಿಲ್ಲಲೆಂದು ಹಳೆಯ ಪ್ಯಾಕಿಂಗಿನ ಮೇಲೆ ಹೊಸದನ್ನು, ಅದರ ಮೇಲೆ ಮತ್ತೊಂದನ್ನು ಹೇರಿದರೆ ಇದಕ್ಕೆ ತದ್ವಿರುದ್ಧ: ತೋಳಿಗೆ ಒತ್ತು ಸಾಲದೆ ಪೆಟ್ರೋಲ್ ಕಡಿಮೆಯಾಗುತ್ತದೆ. ನಿಧಾನ ವೇಗದಲ್ಲಿ ಸರಿಯಾಗಿ ಓಡಿ ಹೆದ್ದಾರಿಯಲ್ಲಿ ಮಾತ್ರ ಎಳೆತ ಕಳೆದುಕೊಳ್ಳುವ ಕಾರಿನಲ್ಲಿ ನಾನು ಕಂಡದ್ದು ಹೀಗೆ ಪೇರಿಸಿದ ಮೂರು ಪ್ಯಾಕಿಂಗುಗಳನ್ನು.

ಆದ್ದರಿಂದ ಬಿಲ್ಲೆಯ ಮುಖಗಳನ್ನೂ ಹೆಡ್ಡಿನ ಮುಖವನ್ನೂ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ, ಹಳೆಯ ಕಾಗದದ ಚೂರೂ ಉಳಿಯದಂತೆ ಹೆರೆಯಬೇಕು. ಹೆಡ್ಡು ಅಲ್ಯೂಮಿನಿಯಮ್ಮಿನದು, ಉಕ್ಕಿನ ಉಳಿ ಅದನ್ನು ಗೀರುತ್ತದೆ. ಮರಳು ಕಾಗದ ಬೇಡ, ಅದರ ಪುಡಿ ಎಂಜಿನ್ನಿಗೆ ವಿಷ. ಬಿಲ್ಲೆಯನ್ನು ಗಾಜಿನ ಮೇಲಿಟ್ಟು ನೋಡಿದಾಗ ಅಲ್ಲಾಡಿದರೆ ಅದು ಬಾಗಿದೆ ಎಂದರ್ಥ, ಬಿರುಕಿದ್ದರಂತೂ ಹೇಳುವುದೇ ಬೇಡ. ಎರಡೂ ಸಂದರ್ಭದಲ್ಲಿ ಅಷ್ಟೇ ದಪ್ಪದ ಹೊಸದು ಬೇಕು. ಹೊಸ ಪ್ಯಾಕಿಂಗಿಗೆ ತೆಳುವಾಗಿ ಎಂಜಿನ್ ಆಯಿಲ್ ಸವರಿದರೆ ಸಾಕು. ಅಂಟು ಧಾರಾಳವಾಗಿ ಬಳಿದರೆ ಒಳಗಡೆ ಉಬ್ಬಿದ ಅಂಟು ಕಳಚಿ ಆಯಿಲಿನ ದಾರಿಯನ್ನು ಸೇರುತ್ತದೆ.

ಕೂರಿಸುವುದು

ಸರಳಿಗೆ ಆಯಿಲ್ ಹಚ್ಚಿ ತೂತಿನೊಳಗೆ ತಳ್ಳಿ, ಬೆರಳಿನಲ್ಲಿ ಒತ್ತಿಹಿಡಿಯಿರಿ. ಕ್ಯಾಮಿನ ಉಬ್ಬು ಅದರ ಹಿಂದೆಯೇ ಇದ್ದರೆ ಸರಳು ಹೆಚ್ಚು ಹೊರಗೆ ಚಾಚಿರುತ್ತದೆ. ಆ ಸ್ಥಿತಿಯಲ್ಲಿ ಪಂಪನ್ನು ಬಿಗಿಯಲು ಹೊರಟರೆ ಸ್ಪ್ರಿಂಗಿನ ಪೂರ್ತಿ ಬಲಕ್ಕೆ ಎದುರಾಗಿ ಬೋಲ್ಟುಗಳನ್ನು ಎಳೆಯಬೇಕಾಗುತ್ತದೆ, ಪಂಪಿನ ಕಿವಿ ಮುರಿಯುವುದೂ ಹೆಡ್ಡಿನ ಮರೆ (ಬೋಲ್ಟು ಕಚ್ಚಿಕೊಳ್ಳುವ ತಿರುಪು ಗೆರೆ) ಕಿತ್ತುಬರುವುದೂ ಹೀಗೆಯೇ. ಚಕ್ರಗಳ ಕಲ್ಲು ತೆಗೆದು, ಹ್ಯಾಂಡ್ ಬ್ರೇಕ್ ಇಳಿಸಿ, ನಾಲ್ಕನೆಯ ಗೇರಿಗೆ ಹಾಕಿ, ಇನ್ನೊಬ್ಬರು ಕಾರನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ತಳ್ಳಲಿ. ನಿಮ್ಮ ಬೆರಳಡಿಯ ಸರಳು ಒಳಕ್ಕೆ ಸರಿಯುತ್ತ ಸರಿಯುತ್ತ ಇನ್ನು ಹೋಗದೆಂಬ ಹಂತಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಗೇರ್ ತೆಗೆದು ಬ್ರೇಕ್ ಹಾಕಿ, ಕಲ್ಲು ಕೊಡಿ. ಐದು ನಿಮಿಷದ ಈ ಕೆಲಸವನ್ನು ಬಿಟ್ಟರೆ ಮುಂದಿನದೆಲ್ಲ ಕುಸ್ತಿ.

ಪ್ಯಾಕಿಂಗ್, ಬಿಲ್ಲೆ, ಪ್ಯಾಕಿಂಗ್ ಎಂಬ ಕ್ರಮದಲ್ಲಿ ಜೋಡಿಸಿ ಪಂಪನ್ನು ಇಡಿ. ಎರಡು ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಮರೆ ಹಿಡಿಸಿ, ಪಂಪಿನ ಮುಖ ಎಲ್ಲ ಕಡೆ ಸಮನಾಗಿ ತಾಗಿದೆಯೆಂದು ನೋಡಿಕೊಂಡು, ಚಿಕ್ಕ ಸ್ಪ್ಯಾನರಿನಿಂದ ಒಂದಾದ ಮೇಲೊಂದರಂತೆ ಬಿಗಿಯಿರಿ. ಕೈಯ ಬಲ ಪೂರ್ತಿ ಹಾಕುವ ಜಾಗ ಇದಲ್ಲ. ಹೊಸ ಪೈಪುಗಳನ್ನು ನಿಪ್ಪಲ್ಲಿನ ಉಬ್ಬನ್ನು ದಾಟುವವರೆಗೆ ಏರಿಸಿ, ಕ್ಲಿಪ್ಪು ಆ ಉಬ್ಬಿನ ಆಚೆಗೆ ಕೂರುವಂತೆ ಬಿಗಿಯಬೇಕು. ಪೈಪು ಎಲ್ಲೂ ಮಡಿಚಿರಬಾರದು, ಸೈಲೆನ್ಸರಿನ ಕಡೆಯ ಬಿಸಿ ಭಾಗಗಳಿಗೂ ಫ್ಯಾನ್ ಬೆಲ್ಟಿಗೂ ತಾಗಬಾರದು. ಫಿಲ್ಟರಿನ ಮೇಲಿನ ಬಾಣದ ಗುರುತು ಪಂಪಿನ ಕಡೆಗೆ ಇರಲಿ.

ಆಯಿಲಿಗೆ ಪೆಟ್ರೋಲ್ ಸೇರಿದ್ದ ಕಾರಾದರೆ, ಎಂಜಿನ್ನನ್ನು ಒಮ್ಮೆಯೂ ತಿರುಗಿಸುವ ಮೊದಲೇ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಹಳೆಯ ಆಯಿಲನ್ನು ಬಿಸಿ ಮಾಡದೆ, ತಣ್ಣಗಿರುವಂತೆಯೇ ಇಳಿಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಪೆಟ್ರೋಲ್ ಬೆರೆತಿದೆಯೆಂದು ಹೇಳಿಯೇ ಕೊಡಿ. ಚರಂಡಿಗಾಗಲಿ ತೋಟದ ಮೂಲೆಗಾಗಲಿ ಸುರಿಯಬೇಡಿ.

ಮೊದಲ ಸ್ಟಾರ್ಟ್

ಸೋರಿದ ಪೆಟ್ರೋಲನ್ನೆಲ್ಲ ಒರೆಸಿ, ಆ ಬಟ್ಟೆಗಳನ್ನು ದೂರದ ಬಯಲಿನಲ್ಲಿ ಹರಡಿ, ಬಾನೆಟ್ ತೆರೆದಿಟ್ಟುಕೊಂಡು ಕಾಲು ಗಂಟೆ ಸುಮ್ಮನಿರಿ. ಆವಿ ಚದುರಲು ಅಷ್ಟು ಸಮಯ ಬೇಕು. ಬಳಿಕ ಬ್ಯಾಟರಿಯ ತಂತಿಯನ್ನು ಜೋಡಿಸಿ, ಆದರೆ ಕಾಯಿಲಿನ ಧನ ತುದಿಯ ತಂತಿಯನ್ನು ಪರೀಕ್ಷೆಯಲ್ಲಿ ಹೇಳಿದಂತೆ ಬಿಡಿಸಿಟ್ಟು, ಹತ್ತು ಸೆಕೆಂಡು ಸೆಲ್ಫ್ ಹೊಡೆದು ಅರ್ಧ ನಿಮಿಷ ಬಿಡುವುದನ್ನು ಮೂರು ನಾಲ್ಕು ಬಾರಿ ಮಾಡಿ. ಪೈಪು, ಫಿಲ್ಟರು, ಪಂಪು ಎಲ್ಲ ಖಾಲಿಯಿರುವುದರಿಂದ ಪೆಟ್ರೋಲ್ ಕಾರ್ಬ್ಯುರೇಟರಿಗೆ ತಲುಪಲು ಇಷ್ಟು ಬೇಕಾಗುತ್ತದೆ. ಬಿಡುವು ಕೊಡದೆ ಹೊಡೆದರೆ ಸೆಲ್ಫ್ ಮೋಟಾರು ಸುಡುತ್ತದೆ. ಹೊತ್ತು ಉಳಿಸಲೆಂದು ಕಾರ್ಬ್ಯುರೇಟರಿನ ಬಾಯಿಗೆ ನೇರವಾಗಿ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಪದ್ಧತಿಯಿಂದ ಮುಖ ಸುಟ್ಟುಕೊಂಡವರಿದ್ದಾರೆ, ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಜ್ವಾಲೆ ಬರುವುದು ಆ ಬಾಯಿಂದಲೇ.

ಪ್ರತಿ ಸಂದಿಗೂ ಒಣ ಕಾಗದದ ತುಂಡನ್ನು ಒತ್ತಿ ನೋಡಿ. ಕಾಗದದ ಮೇಲೆ ಒದ್ದೆ ಗುರುತು ಬೀಳದಿದ್ದರೆ ಕಾಯಿಲಿನ ತಂತಿಯನ್ನು ಜೋಡಿಸಿ, ಚೋಕ್ ಎಳೆದು ಎಂಜಿನ್ನನ್ನು ಎಬ್ಬಿಸಬಹುದು. ಎರಡು ನಿಮಿಷ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಕಾಗದ ಹಿಡಿಯಿರಿ, ಏಕೆಂದರೆ ಪಂಪಿನಿಂದ ಕಾರ್ಬ್ಯುರೇಟರಿನವರೆಗಿನ ಭಾಗದಲ್ಲಿ ಒತ್ತಡವಿರುವುದು ಎಂಜಿನ್ ಓಡುವಾಗ. ಪಂಪಿನ ತಳದಲ್ಲಿ ಆಯಿಲ್ ಜಿನುಗಿದರೆ ಪ್ಯಾಕಿಂಗ್ ಸರಿಯಾಗಿ ಕೂತಿಲ್ಲ. ಬೋಲ್ಟನ್ನು ಇನ್ನಷ್ಟು ಬಿಗಿಯುವ ಬದಲು ಬಿಚ್ಚಿ ಮತ್ತೆ ಕೂರಿಸುವುದೇ ಮೇಲು. ಪಂಪಿನಿಂದ ಸಣ್ಣ ಟಕ್ ಟಕ್ ಸದ್ದು ಬರುವುದು ಸಹಜ, ಕುಟ್ಟಿದಂಥ ಸದ್ದು ಬಂದರೆ ಸರಳು ಅಥವಾ ಬಿಲ್ಲೆಯ ದಪ್ಪದಲ್ಲಿ ತಪ್ಪಾಗಿದೆ.

ಅಂದು ಊರೊಳಗೇ ಹತ್ತಾರು ಕಿಲೋಮೀಟರ್ ಓಡಿಸಿ, ಒಂದು ಏರು ಹತ್ತಿಸಿ ನೋಡಿ. ಮರುದಿನ ಬೆಳಿಗ್ಗೆ ಕಾರನ್ನು ತೆಗೆಯುವ ಮುಂಚೆ ಅದರಡಿಯ ನೆಲವನ್ನೂ ಡಿಪ್‌ಸ್ಟಿಕ್ಕನ್ನೂ ಒಮ್ಮೆ ನೋಡಿ, ಡಿಪ್‌ಸ್ಟಿಕ್ಕನ್ನು ಮೂಸಿಯೂ ನೋಡಿ. ಕಾಗದದ ಪ್ಯಾಕಿಂಗ್ ಬಿಸಿಗೆ ಸ್ವಲ್ಪ ಒತ್ತಿಕೊಳ್ಳುವುದರಿಂದ, ನೂರಿನ್ನೂರು ಕಿಲೋಮೀಟರ್ ಆದ ಮೇಲೆ ತಣ್ಣಗಿನ ಎಂಜಿನ್ನಿನಲ್ಲಿ ಎರಡೂ ಬೋಲ್ಟುಗಳಿಗೆ ಸ್ಪ್ಯಾನರ್ ಇಟ್ಟು, ಸಡಿಲವೆನಿಸಿದರೆ ತುಸುವೇ ಬಿಗಿಯಿರಿ.